ಹಲ್ಲಿಯು ವಿಷಜಂತುವೇ?



ನಮ್ಮ ಮೈಸೂರಿನಲ್ಲಿ ಹಲ್ಲಿಯಿಲ್ಲದ ಮನೆಯು ಅಪರೂಪ. ಅದು ಲೊಚಗುಟ್ಟಿದರೆ ಶಕುನವೆನ್ನುವೆವು. ಸಾರಿನ ಪಾತ್ರೆಗೆ ಬಿದ್ದರೆ ವಿಷವೆಂದು ಹೌಹಾರುವೆವು. ವಾಸ್ತವವಾಗಿ ಮನೆಯ ಹಲ್ಲಿಗೆ ವಿಷವಿಲ್ಲ. ತೋಟದ ಓತಿಕ್ಯಾತವಾಗಲಿ, ನುಣುಪು ಮೈಯ ಹಾವುರಾಣಿಯಾಗಲಿ ಕಚ್ಚಿ ಕೊಲ್ಲಲಾರವು. ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯೊಂದುಂಟು. ಅದಿರುವುದು ದೂರದ ಅಮೆರಿಕ, ಮೆಕ್ಸಿಕೊಗಳಲ್ಲಿ.

ಹಲ್ಲಿಯ ಆತ್ಮರಕ್ಷಣೆಯು ಬಾಲದಲ್ಲಿದೆ. ಬಾಲದ ಮೂಳೆಗಳಲ್ಲಿ ಹುಟ್ಟಿನಿಂದಲೇ ಬಿರುಕುರೇಖೆಗಳಿರುತ್ತವೆ. ಬೆಕ್ಕು ಹಿಡಿದೊಡನೆ ಸ್ನಾಯುಗಳು ಬಿಗಿದು ಬಾಲವು ಅಲ್ಲಿ ಕಳಚುವುದು. ತುಂಡು ವಿಲವಿಲನೆ ಒದ್ದಾಡುತ್ತಿರಲು ಹಲ್ಲಿಯು ಪಾರಾಗುವುದು. ಮುಂದೆ ಹೊಸ ಬಾಲವು ಬೆಳೆಯುವುದು. ಅದರೊಳಗೆ ಮೂಳೆಗೆ ಬದಲಾಗಿ ಮೃದ್ವಸ್ಥಿಯಿರುವುದು.

ಆದರೂ ಹಲ್ಲಿ ಬಿದ್ದ ಆಹಾರವನ್ನು ಚೆಲ್ಲಿಬಿಡಿ. ಅದರ ಹಿಕ್ಕೆಯಲ್ಲಿ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ರೋಗಾಣುಗಳಿರಬಹುದು.

ವೈದ್ಯನಾದ ನನಗೆ ಹೆಚ್ಚು ಚಿಂತೆಯುಂಟುಮಾಡುವುದು ಬೇರೊಂದು ಸಂಗತಿ. ನೆಲದ ಮೇಲೆ ಮಲಗಿದ್ದ ಮಗು ನಡುರಾತ್ರಿ ಎದ್ದು, ಏನೋ ಕಚ್ಚಿತೆಂದರೆ, “ಹಲ್ಲಿ ಇರಬೇಕು” ಎಂದು ಸುಣ್ಣ ಹಚ್ಚಿ ಪುನಃ ಮಲಗಿಸುವುದುಂಟು. ಕಟ್ಟುಹಾವಿನ ಕಡಿತದಲ್ಲಿ ಗಾಯವೂ ನೋವೂ ತಿಳಿಯದೆ ಹೋಗಬಹುದು. ಹೊಟ್ಟೆನೋವು, ಜೋಲುವ ರೆಪ್ಪೆ, ತೊದಲುಮಾತು, ಉಸಿರಾಟದ ತೊಂದರೆ ಇವು ಗಂಟೆಗಳ ಬಳಿಕ ಕಾಣಿಸಿಕೊಳ್ಳಬಹುದು. ಕಚ್ಚಿದ್ದು ಹಲ್ಲಿಯೆಂದು ಕಣ್ಣಾರೆ ಕಂಡಿದ್ದರೆ ಗಾಯವನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಕಂಡಿಲ್ಲವಾದರೆ ಬೆಳಗಾಗುವವರೆಗೆ ಕಾಯಬೇಡಿ. ಗಾಯವನ್ನು ಕೊಯ್ಯದೆ, ಹಗ್ಗ ಬಿಗಿಯದೆ, ಮಗುವನ್ನು ನಡೆಸದೆ, 108 ವಾಹನವನ್ನು ಕರೆಸಿ ಕೂಡಲೇ ಕೆ.ಆರ್. ಆಸ್ಪತ್ರೆಗೆ ಕರೆತನ್ನಿ. ಹಾವಿನ ವಿಷವೇರಿದ್ದರೆ ಪ್ರತಿವಿಷದ ಚುಚ್ಚುಮದ್ದನ್ನೇ ಕೊಡಬೇಕಾಗುವುದು.