ಕೀವು ತೆಗೆದಾಯಿತು, ಇನ್ನು ಆಪರೇಷನ್ ಬೇಕೇ?

ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಡೈವರ್ಟಿಕುಲೈಟಿಸ್ (ದೊಡ್ಡ ಕರುಳಿನ ಗೋಡೆಯಲ್ಲಿನ ಪುಟ್ಟ ಚೀಲಗಳ ಉರಿಯೂತ) ಆಗಿ ದೊಡ್ಡ ಕರುಳಿನ ಪಕ್ಕ ಕೀವು ಕಟ್ಟಿತ್ತು. ನಳಿಕೆ ಹಾಕಿ ತೆಗೆದರು. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಆದರೂ ಕರುಳಿನ ಆ ಭಾಗವನ್ನು ತೆಗೆಸಲೇಬೇಕೆ? ಬಿಟ್ಟರೆ ಮುಂದಿನ ಸಲ ಒಡೆದೇ ಹೋಗುತ್ತದಂತೆ?"

ಈ "ಒಡೆದೇ ಹೋಗುತ್ತದಂತೆ" ಎಂಬ ಮಾತು ಎಷ್ಟು ಜನರ ನಿದ್ದೆ ಕೆಡಿಸಿದೆಯೋ! ಹೊಟ್ಟೆಯೊಳಗೆ ಮಲ ಹರಡುವಂಥ ಒಡೆತ ಹೆಚ್ಚಾಗಿ ಆಗುವುದು ಮೊದಲನೇ ಸಲವೇ. ಒಮ್ಮೆ ಉರಿಯೂತ ಬಂದುಹೋದ ಜಾಗಕ್ಕೆ ಸುತ್ತಲಿನ ಕೊಬ್ಬು, ಪಕ್ಕದ ಕರುಳು ಅಂಟಿಕೊಳ್ಳುತ್ತವೆ. ಮತ್ತೆ ತೂತು ಬಿದ್ದರೂ ಅಲ್ಲಲ್ಲೇ ಮುಚ್ಚಿಹೋಗುವ ಸಂಭವ ಹೆಚ್ಚು. "ಎರಡು ಸಲ ಬಂದರೆ ಕತ್ತರಿಸು" ಎಂಬ ಹಳೆಯ ನಿಯಮವನ್ನು ಕೈಬಿಟ್ಟು ವರ್ಷಗಳಾದವು.

ಹಾಗೆಂದು ಕೀವು ಕಟ್ಟಿದ್ದನ್ನು ಹಗುರವಾಗಿ ಕಾಣುವ ಹಾಗಿಲ್ಲ. 3 ಸೆಂಟಿಮೀಟರಿಗಿಂತ ಚಿಕ್ಕದಾದರೆ ಆ್ಯಂಟಿಬಯೋಟಿಕ್‌ನಲ್ಲೇ ಕರಗುವುದುಂಟು, ದೊಡ್ಡದಾದರೆ ನಳಿಕೆ. ಹೀಗೆ ಗುಣವಾದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಅದಕ್ಕೇ ಅಮೆರಿಕದ ದೊಡ್ಡ ಕರುಳಿನ ಶಸ್ತ್ರವೈದ್ಯರ ಸಂಘ 2020ರಲ್ಲೂ, ಕೀವು ಕಟ್ಟಿದ್ದವರ ವಿಚಾರದಲ್ಲಿ ಆಪರೇಷನ್ ಪರಿಗಣಿಸಿ ಎಂದೇ ಹೇಳಿದೆ.

ಆದರೆ ಆಪರೇಷನ್ ಬೇಕೋ ಬೇಡವೋ ಎನ್ನುವ ಮೊದಲು ಕೊಲೊನೋಸ್ಕೋಪಿ ಆಗಲೇಬೇಕು. "ಸ್ಕ್ಯಾನ್‌ನಲ್ಲಿ ಗಡ್ಡೆ ಇಲ್ಲ ಅಂತ ಬರೆದಿದ್ದಾರಲ್ಲ ಸಾರ್" ಎಂದು ವರದಿಯನ್ನು ನನ್ನ ಮೇಜಿನ ಮೇಲಿಡುತ್ತಾರೆ. ಇಲ್ಲೇ ನನಗೆ ತಾಳ್ಮೆ ತಪ್ಪುವುದು. ಸಿ.ಟಿ. ಸ್ಕ್ಯಾನ್ ತೋರಿಸುವುದು ದಪ್ಪಗಾದ ಗೋಡೆ, ಪಕ್ಕದಲ್ಲಿ ಕೀವು. ಕ್ಯಾನ್ಸರ್ ಗಡ್ಡೆ ತೂತಾದರೂ ಕಾಣುವುದು ದಪ್ಪ ಗೋಡೆ, ಪಕ್ಕದಲ್ಲಿ ಕೀವು. ಹೊರಗಿನಿಂದ ಎರಡೂ ಒಂದೇ. ಕೀವು ಕಟ್ಟುವಂಥ ತೊಡಕು ಬಂದವರನ್ನು ಆಮೇಲೆ ಒಳಗಿನಿಂದ ನೋಡಿದಾಗ ನೂರರಲ್ಲಿ ಸುಮಾರು 8ರಿಂದ 11 ಮಂದಿಗೆ ಕ್ಯಾನ್ಸರ್ ಸಿಕ್ಕಿದೆ. ಕೀವು ಬಸಿದುಹೋಗಿ ನೋವು ನಿಂತರೆ ಗಡ್ಡೆ ಹೋಯಿತೆಂದಲ್ಲ. ಆರೆಂಟು ವಾರ ಕಾಯಿರಿ, ಯಾಕೆಂದರೆ ಹಸಿ ಗೋಡೆಗೆ ಗಾಳಿ ತುಂಬಿದರೆ ಮುಚ್ಚಿದ ತೂತು ಬಿಚ್ಚಿಕೊಳ್ಳಬಹುದು. ಆದರೆ ಆ ವಾರಗಳು ಕಳೆದ ಮೇಲೆ ಮರೆಯಬೇಡಿ. ಜನ ಹೆದರುವುದು ಹಿಂದಿನ ರಾತ್ರಿ ಕುಡಿಯುವ ಆ ಉಪ್ಪುಪ್ಪಾದ ಭೇದಿ ನೀರಿಗೆ. ತಣ್ಣಗೆ ಮಾಡಿಕೊಂಡು ಕುಡಿಯಿರಿ, ಇಳಿಯುತ್ತದೆ. ಗುಣವಾಗಿದೆ ಎನಿಸಿದರೂ ಒಳಗಿನಿಂದ ನೋಡಿಸಿ. ಗುಣವಾಗಿದೆ ಎನಿಸಿದಾಗಲೇ ನೋಡಿಸಬೇಕು.

ಗಡ್ಡೆ ಇಲ್ಲವೆಂದಾದರೆ ಉಳಿದದ್ದು ನಿಮ್ಮ ಸ್ಥಿತಿಯ ಮೇಲೆ. ಮೂತ್ರದಲ್ಲಿ ಗಾಳಿಗುಳ್ಳೆ ಬರುತ್ತಿದ್ದರೆ ಕರುಳಿಗೂ ಮೂತ್ರಕೋಶಕ್ಕೂ ದಾರಿಯಾಗಿರುತ್ತದೆ. ಸಾಮಾನ್ಯವಾಗಿ ಆಪರೇಷನ್ ಬೇಕು. ಕರುಳು ಕಿರಿದಾಗಿ ಮಲ ಕಟ್ಟುತ್ತಿದ್ದರೂ ಅಷ್ಟೇ. ಮೂತ್ರಪಿಂಡ ಕಸಿಯಾದವರು, ದಿನವೂ ಸ್ಟೀರಾಯ್ಡ್ ನುಂಗುವವರು ಹೆಚ್ಚು ಕಾಯಬಾರದು. ತಿಂಗಳುಗಟ್ಟಲೆ ಎಡಗಡೆ ನೋವು ಬಿಡದವರಿಗೆ ಆಪರೇಷನ್ನಿನಿಂದ ನೆಮ್ಮದಿ ಸಿಕ್ಕೀತು. ಇವೇನೂ ಇಲ್ಲದೆ ಎಪ್ಪತ್ತೈದು ದಾಟಿ, ಹೃದಯ ಸೋತವರಾಗಿದ್ದರೆ ಕಾದು ನೋಡಿ ಎಂದೇ ನಾನು ಹೇಳುತ್ತೇನೆ.

ಹೊಟ್ಟೆಗೆ ಮಲದ ಚೀಲ ಹಾಕಿಬಿಡುತ್ತಾರೆಂಬ ಭಯವೂ ಇದೆ. ಅದು ಹೆಚ್ಚಾಗಿ ತುರ್ತು ಆಪರೇಷನ್ನಿನ ಮಾತು. ದಿನ ಗೊತ್ತುಮಾಡಿ ಮಾಡಿದಾಗ ಬಹುತೇಕರಿಗೆ ಕರುಳನ್ನು ಅಂದೇ ಜೋಡಿಸುತ್ತಾರೆ.

ಇನ್ನು ಸೀಬೆಹಣ್ಣಿನ, ಟೊಮೆಟೊದ ಬೀಜ ಸಿಕ್ಕಿಕೊಂಡು ಕೀವಾಗುತ್ತದೆಂಬ ನಂಬಿಕೆ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಲೆ ಬೀಜ, ಜೋಳ ತಿನ್ನುವವರಿಗೆ ಅಪಾಯ ಹೆಚ್ಚಿರಲಿಲ್ಲ. ಬಿಡಬೇಕಾದದ್ದು ಬೀಡಿ, ಸಿಗರೇಟು. ಮತ್ತು ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್.

ಮತ್ತೆ ಚಳಿಜ್ವರ, ಎಡಗಡೆ ಕೆಳಹೊಟ್ಟೆ ನೋವು ಬಂದರೆ ಬೆಳಗಾಗಲಿ ಎನ್ನದೆ ಹೊರಡಿ. ಹೋಗುವಾಗ ಹಳೆಯ ಸ್ಕ್ಯಾನಿನ ಸಿ.ಡಿ. ಜೊತೆಗಿರಲಿ.