ಬಿಸಿಲೂ ಒಂದು ಹೈನು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾಲ್ಕು ಕ್ಯಾನು ಹಾಲಿನಿಂದ ಶುರುವಾದ ನಮ್ಮ ಸಂಘಕ್ಕೆ ಇಂದು ಇಪ್ಪತ್ತೈದು ವರ್ಷ ತುಂಬಿದೆ. ಹಾಲಿನ ಬಗ್ಗೆ ತಿಳಿದವರು ಮಾತಾಡಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಓದಿದ ರೈತರು. ಕರೆಂಟಿನ ವಿಚಾರ ನಾಲ್ಕು ಮಾತು ಹೇಳಿ ಕೂತುಕೊಳ್ಳುತ್ತೇವೆ.

ತ್ರೀ ಫೇಸ್ ರಾತ್ರಿ ಪಾಳಿಗೆ ಬಂದರೆ ಟಾರ್ಚು, ದೊಣ್ಣೆ ಹಿಡಿದು ತೋಟಕ್ಕೆ ಹೋಗುವ ಕಷ್ಟ ನಿಮಗೂ ಗೊತ್ತು. ಮೂರು ವರ್ಷದ ಹಿಂದೆ ಹಾಗೆ ಹೋದ ನಮ್ಮ ಅಣ್ಣನ ಮಗನಿಗೆ ಹಾವು ಕಚ್ಚಿತು. ದೇವರ ದಯೆ, ಹುಡುಗ ಉಳಿದ. ಆಮೇಲೆ ಆಟೋ ಸ್ಟಾರ್ಟರ್ ಹಾಕಿಸಿದೆವು. ಈಗ ಕರೆಂಟು ಬಂದರೆ ಮೋಟಾರು ತಾನೇ ಓಡುತ್ತದೆ. ಪಾತಿ ತುಂಬಿ ನೀರು ದಾರಿಗೆ ಹರಿದರೂ ನಾವು ಮಲಗಿರುತ್ತೇವೆ. ತಪ್ಪು ನಮ್ಮದೇ. ಆದರೆ ಹತ್ತು ಹೆಚ್.ಪಿ.ವರೆಗೆ ಬಿಲ್ಲಿಲ್ಲ, ಉಳಿಸಿದರೆ ನಮಗೆ ಬರುವುದೂ ಏನಿಲ್ಲ.

ಬಿಲ್ಲಿಲ್ಲ ಅಂದರೆ ಖರ್ಚಿಲ್ಲ ಅಂತಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದಾರೆ. ಒಂದು ಯೂನಿಟ್ಟಿಗೆ ಅರ್ಧ ಕಿಲೋಗೂ ಮೇಲೆ ಕಲ್ಲಿದ್ದಲು ಬೇಕು. ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಅನಿಲ ಗಾಳಿಗೆ ಸೇರುತ್ತದೆ. ಐದು ಹೆಚ್.ಪಿ. ಮೋಟಾರು ಏಳು ಗಂಟೆ ಓಡಿದರೆ 26 ಯೂನಿಟ್ಟು. ಆ ಕರೆಂಟು ಕಲ್ಲಿದ್ದಲಿನದೇ ಆದರೆ 13 ಕಿಲೋಗೂ ಮೇಲೆ ಸುಟ್ಟ ಹಾಗಾಯಿತು. ಮಳೆ ಹದ ತಪ್ಪಲು ಈ ಹೊಗೆಯೂ ಕಾರಣ ಅಂತ ವಿಜ್ಞಾನಿಗಳು ಹೇಳುತ್ತಾರೆ. 2070ರೊಳಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತೇವೆಂದು ನಮ್ಮ ದೇಶ 2021ರಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಆ ಲೆಕ್ಕದಲ್ಲಿ ನಮ್ಮ ಬೋರ್‌ವೆಲ್ಲೂ ಇದೆ.

ಹಾಗಾದರೆ ಬಿಸಿಲಿನ ಕರೆಂಟು. ಅದಕ್ಕೆ ಎರಡು ದಾರಿ ಉಂಟು. ಒಂದು ಪಾವಗಡದ್ದು. ತಿರುಮಣಿ ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಬರದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಜಮೀನಿಲ್ಲದವರಿಗೆ ಬಾಡಿಗೆಯೂ ಇಲ್ಲ, ಹೊಲದ ಕೂಲಿಯೂ ಇಲ್ಲ.

ಕಳೆದ ವರ್ಷ ನಮ್ಮ ಮನೆಗೂ ಒಬ್ಬರು ಗುತ್ತಿಗೆ ಪತ್ರ ತಂದಿದ್ದರು. ಮೂವತ್ತು ವರ್ಷದ ಕರಾರು, ಪೂರಾ ಇಂಗ್ಲಿಷು. ರುಜು ಹಾಕಲು ಪೆನ್ನು ತೆಗೆದಾಗಿತ್ತು. ನಮ್ಮ ಕಾರ್ಯದರ್ಶಿಗಳು ಓದಿ, "ಬಾಡಿಗೆ ಏರುವ ಮಾತೇ ಇದರಲ್ಲಿಲ್ಲವಲ್ಲ ಗೌಡ್ರೇ" ಅಂದರು. ಪೆನ್ನು ಜೇಬಿಗೆ ಹೋಯಿತು.

ಇನ್ನೊಂದು ದಾರಿ ಗುಜರಾತಿನ ಧುಂಡಿ ಗ್ರಾಮದ್ದು. ಅದು ಖೇಡಾ ಜಿಲ್ಲೆ. 1946ರಲ್ಲಿ ಅಮುಲ್ ಹುಟ್ಟಿದ್ದೂ ಆಗಿನ ಖೇಡಾದಲ್ಲೇ. ಡೀಸೆಲ್ ಪಂಪು ನಂಬಿಕೊಂಡಿದ್ದ ಆರು ರೈತರು 2016ರಲ್ಲಿ ಸೋಲಾರ್ ಪಂಪು ಹಾಕಿಸಿ ಒಂದು ಸಹಕಾರ ಸಂಘ ಮಾಡಿಕೊಂಡರು. ತಮ್ಮ ಬೆಳೆಗೆ ಬೇಕಾದಷ್ಟು ನೀರೆತ್ತಿ, ಮಿಕ್ಕ ಕರೆಂಟನ್ನು ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ವಿದ್ಯುತ್ ಕಂಪನಿಗೆ ಮಾರಿದರು. ಕಂಪನಿಯೊಂದಿಗೆ 25 ವರ್ಷದ ಒಪ್ಪಂದ. ಎಲ್ಲರ ಕರೆಂಟೂ ಒಂದೇ ಕಡೆ ಸೇರಿ ಸಂಘದ ಹೆಸರಿಗೆ ಹಣ ಬರುತ್ತದೆ, ಸಂಘ ಹಂಚುತ್ತದೆ. ನಾವು ಡೇರಿಗೆ ಹಾಲು ಹಾಕಿದ ಹಾಗೆಯೇ.

ಇದರಲ್ಲಿ ನಮಗೆ ಹಿಡಿಸಿದ್ದು ಒಂದೇ ಮಾತು. ಬರೀ ಸೋಲಾರ್ ಪಂಪು ಕೊಟ್ಟರೆ ಬಿಸಿಲಿರುವಷ್ಟು ಹೊತ್ತೂ ನೀರೆತ್ತಿ ಬೋರು ಬತ್ತಿಸುತ್ತೇವೆ. ಮಿಕ್ಕ ಕರೆಂಟಿಗೆ ದುಡ್ಡು ಬರುತ್ತದೆ ಅಂದರೆ ಮಾತ್ರ ಮೋಟಾರು ನಿಲ್ಲಿಸುವ ಮನಸ್ಸು ಬರುತ್ತದೆ.

ಕಷ್ಟವನ್ನೂ ಹೇಳಬೇಕು. ಧುಂಡಿಯಲ್ಲಿ ಬಂಡವಾಳದ ದೊಡ್ಡ ಪಾಲು ಕೊಟ್ಟದ್ದು ಪ್ರಯೋಗ ಮಾಡಿಸಿದ ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯವರು. ಯೂನಿಟ್ಟಿಗೆ ಎರಡೂವರೆ ರೂಪಾಯಿ ಪ್ರೋತ್ಸಾಹಧನವನ್ನೂ ಮೊದಲು ಅವರೇ ಸೇರಿಸಿದರು. ಆ ನೆರವಿಲ್ಲದೆ ಬರೀ 4.63ರಲ್ಲಿ ಸಾಲ ತೀರುತ್ತದೆಯೇ ಎಂದು ಕೂಡಿ ಕಳೆದು ನೋಡಬೇಕು. ನಮಗೆ ಪುಕ್ಕಟೆ ಕರೆಂಟು ಇರುವಾಗ ಯಾರು ಬಿಟ್ಟುಕೊಡುತ್ತಾರೆ ಅನ್ನುವುದೂ ನ್ಯಾಯವಾದ ಪ್ರಶ್ನೆ. ಬೆಲೆ ಸರಿಯಿದ್ದರೆ ಬಿಡುತ್ತಾರೆ, ಇಲ್ಲದಿದ್ದರೆ ಬಿಡುವುದಿಲ್ಲ.

ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಬಂದಾಗ, ಬಂಜರು ಜಮೀನಿನಲ್ಲಿ ಅರ್ಧದಿಂದ ಎರಡು ಮೆಗಾವಾಟ್‌ವರೆಗೆ ಘಟಕ ಹಾಕಲು ರೈತರ ಗುಂಪು, ಪಂಚಾಯ್ತಿ, ಸಹಕಾರ ಸಂಘಗಳಿಗೂ ಅವಕಾಶ ಕೊಟ್ಟಿತು. ಸಹಕಾರಿಗಳಿಗೆ ಕರೆಂಟು ಹೊಸದೂ ಅಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ದಶಕಗಳಿಂದ ಮನೆಮನೆಗೆ ಕರೆಂಟು ಹಂಚಿದೆ.

ಆದ್ದರಿಂದ ಸಭೆಯ ಮುಂದೆ ಎರಡು ಸಲಹೆ ಇಡುತ್ತೇವೆ. ಒಂದು, ಯಾರೂ ಒಂಟಿಯಾಗಿ ಗುತ್ತಿಗೆ ಪತ್ರಕ್ಕೆ ರುಜು ಹಾಕಬೇಡಿ. ಮೊದಲು ಸಂಘಕ್ಕೆ ತನ್ನಿ, ಕನ್ನಡದಲ್ಲಿ ಓದಿಸಿ. ಎರಡು, ಐದು ಜನರ ಸಮಿತಿ ಮಾಡಿ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಜಮೀನಿಲ್ಲದವರು ಇರಲಿ. ಬೆಲೆ, ಸಾಲ, ಬೈಲಾ ಎಲ್ಲವನ್ನೂ ಎಸ್ಕಾಂ, ಸಹಕಾರ ಇಲಾಖೆ, ಬ್ಯಾಂಕಿನಲ್ಲಿ ವಿಚಾರಿಸಿ ಮುಂದಿನ ಮಹಾಸಭೆಗೆ ವರದಿ ಕೊಡಲಿ. ಲೆಕ್ಕ ಗಿಟ್ಟದಿದ್ದರೆ ಬಿಡೋಣ.

ಇಪ್ಪತ್ತೈದು ವರ್ಷದ ಹಿಂದೆ ಹಾಲಿನ ಸಂಘ ಬೇಡ ಅಂದವರಲ್ಲಿ ನಮ್ಮ ತಂದೆಯವರೂ ಒಬ್ಬರು. ಕೊನೆಗಾಲದಲ್ಲಿ ಅವರ ಔಷಧಿಯ ಖರ್ಚು ನಡೆದದ್ದು ಹಾಲಿನ ಬಟವಾಡೆಯಿಂದಲೇ. ನಮ್ಮ ಬಯಲುಸೀಮೆಗೆ ದೇವರು ಮಳೆ ಕಡಿಮೆ ಕೊಟ್ಟ, ಬಿಸಿಲು ಧಾರಾಳ ಕೊಟ್ಟ. ಅದನ್ನೂ ಸಂಘದಲ್ಲೇ ಅಳೆಯುವ ಕಾಲ ಬರಲಿ ಎಂದು ಹಾರೈಸಿ, ಮಾತು ಮುಗಿಸುತ್ತೇವೆ.

 ಜೈ ಸಹಕಾರ.