ಚೆಂಡು ಬಂತು, ತಗೊಳ್ಳೋರು ಎಲ್ಲಿ?

13 ಏಪ್ರಿಲ್ 2025

ನಿನ್ನೆ ರಾತ್ರಿ ಕೋಲ್ಕತ್ತಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಫೈನಲ್ ಸೋತಿತು. ಮೋಹನ್ ಬಾಗಾನ್ 2, ಬೆಂಗಳೂರು 1. ಅದೂ ಹೆಚ್ಚುವರಿ ಸಮಯದಲ್ಲಿ. ಬೆಳಗ್ಗೆಯಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ಆ ಪೆನಾಲ್ಟಿ ಆಗಬಾರದಿತ್ತು, ನಮಗೆ ಅದೃಷ್ಟ ಇರಲಿಲ್ಲ. ಅದೃಷ್ಟದ ಮಾತು ಬಿಡಿ ಸ್ವಾಮಿ. ನಮ್ಮ ಲೆಕ್ಕಕ್ಕೆ ಬಂದ ಆ ಒಂದು ಗೋಲು ಹೊಡೆದಿದ್ದು ಯಾರು ಅಂತ ನೋಡಿದ್ರಾ?

ನಮ್ಮವರಲ್ಲ! 49ನೇ ನಿಮಿಷದಲ್ಲಿ ರಯಾನ್ ವಿಲಿಯಮ್ಸ್ ಕ್ರಾಸ್ ಕೊಟ್ಟರು. ಅದನ್ನು ತಡೆಯೋಕೆ ಹೋದ ಮೋಹನ್ ಬಾಗಾನ್ ಡಿಫೆಂಡರ್ ಆಲ್ಬರ್ಟೊ ರೋಡ್ರಿಗಸ್ ತಮ್ಮದೇ ಬಲೆಗೆ ಚೆಂಡು ಕಳಿಸಿದರು. ಕೊಟ್ಟ ಚೆಂಡು ಚೆನ್ನಾಗಿತ್ತು. ಅದನ್ನು ಗೋಲು ಮಾಡಿದ್ದು ಎದುರಾಳಿ. ಅತ್ತ 96ನೇ ನಿಮಿಷದಲ್ಲಿ ಬಾಕ್ಸಿನೊಳಗೆ ಚೆಂಡು ಸಿಕ್ಕಾಗ ಜೇಮಿ ಮೆಕ್ಲಾರೆನ್ ಅಲ್ಲೇ ಇದ್ದರು. ಕಪ್ ಅವರದಾಯ್ತು.

ಪಾಸ್ ಕೊಡೋರಿಗೆ ಈ ತಂಡದಲ್ಲಿ ಯಾವತ್ತೂ ಬರ ಇಲ್ಲ. 2018ರ ಫೈನಲ್ ನೆನಪಿಸಿಕೊಳ್ಳಿ, ಇದೇ ಕಂಠೀರವದಲ್ಲಿ, ಚೆನ್ನೈಯಿನ್ ಎದುರು. 3-2ರಲ್ಲಿ ಸೋತೆವು. ಆದರೆ ನಮ್ಮ ಎರಡೂ ಗೋಲು ಹುಟ್ಟಿದ್ದು ಉದಾಂತ ಸಿಂಗ್ ಕ್ರಾಸ್‌ನಿಂದ. ಒಂದಕ್ಕೆ ಚೆಟ್ರಿ ತಲೆ ಕೊಟ್ಟರು, ಇನ್ನೊಂದಕ್ಕೆ ಮಿಕು. ಒಬ್ಬ ಕೊಡೋನು, ತಗೊಳ್ಳೋರು ಇಬ್ಬರು. ಮರುವರ್ಷ ಇದೇ ತಂಡ ಚಾಂಪಿಯನ್ ಆಯ್ತು.

ಈಗ ಬನ್ನಿ ಈ ವರ್ಷಕ್ಕೆ. ಏಪ್ರಿಲ್ 6, ಗೋವಾದಲ್ಲಿ ಸೆಮಿಫೈನಲ್. ಕೈಯಲ್ಲಿದ್ದ ಎರಡು ಗೋಲಿನ ಮುನ್ನಡೆ ಕರಗಿ ಹೋಗಿದೆ, ಆಟ ಮುಗಿಯೋ ಹೊತ್ತು. ನಾಮ್‌ಗ್ಯಾಲ್ ಭುಟಿಯಾ ಕ್ರಾಸ್, ಚೆಟ್ರಿ ಹೆಡರ್, ತಂಡ ಫೈನಲ್‌ಗೆ. ನಲವತ್ತು ದಾಟಿದ ಮನುಷ್ಯ! ಎತ್ತರ ಬರೀ 170 ಸೆಂಟಿಮೀಟರ್. ಹೇಗೆ ಸಾಧ್ಯ ಅಂತೀರಾ? ಇನ್ನೊಂದ್ಸಲ ಅವರ ಗೋಲುಗಳನ್ನು ಹಾಕ್ಕೊಂಡು ನೋಡಿ, ಆದರೆ ಚೆಂಡನ್ನು ನೋಡಬೇಡಿ, ಅವರ ಕಾಲು ನೋಡಿ. ಡಿಫೆಂಡರ್ ಬೆನ್ನ ಹಿಂದೆ ಸುಮ್ಮನೆ ನಿಂತಿರ್ತಾರೆ. ಎರಡು ಹೆಜ್ಜೆ ಆ ಕಡೆ ಹೋದ ಹಾಗೆ ಮಾಡ್ತಾರೆ. ಕ್ರಾಸ್ ಕೊಡೋನು ತಲೆ ಎತ್ತಿದ ಕ್ಷಣಕ್ಕೆ ಈ ಕಡೆ ನುಗ್ಗಿಬಿಡ್ತಾರೆ. ಎತ್ತರದ ಆಟ ಅಲ್ಲ ಅದು, ಹೊತ್ತು ನೋಡಿ ನುಗ್ಗೋ ಆಟ.

ಚಿಕ್ಕಬಾಣಾವರದ ಖಾಲಿ ಸೈಟುಗಳಲ್ಲಿ ಸಂಜೆ ಹುಡುಗರು ಆಡೋದನ್ನ ನೋಡ್ತಿರ್ತೀನಿ. ಎಲ್ಲರೂ ಕೈ ಎತ್ತಿ "ಇಲ್ಲಿ ಕೊಡೋ, ಇಲ್ಲಿ ಕೊಡೋ" ಅಂತ ಕೂಗ್ತಾರೆ. ನಿಂತಲ್ಲೇ! ಓಡಿ ಜಾಗ ಮಾಡ್ಕೊಳ್ಳೋನು ಒಬ್ಬನೂ ಇಲ್ಲ. ಅವರನ್ನು ಬೈಯೋ ಹಾಗಿಲ್ಲ ಬಿಡಿ, ಹೇಳಿಕೊಡೋರು ಯಾರಿದ್ದಾರೆ? ದುಡ್ಡು ಕೊಟ್ಟು ಕೋಚಿಂಗ್ ಸೇರೋ ಮಕ್ಕಳ ಕಥೆ ಬೇರೆ.

ಹಾಗಂತ ಉಳಿದವರು ಆಡೋದೇ ಇಲ್ಲ ಅಂದ್ರೆ ಅನ್ಯಾಯ ಆಗುತ್ತೆ. ಮಾರ್ಚ್ 29ರಂದು ಮುಂಬೈಗೆ 5-0 ಬಾರಿಸಿದಾಗ ಐದು ಗೋಲು ಐದು ಜನರದ್ದು: ಸುರೇಶ್, ಮೆಂಡೆಜ್, ವಿಲಿಯಮ್ಸ್, ಚೆಟ್ರಿ, ಡಿಯಾಜ್. ಜಾಗ ಸಿಕ್ಕರೆ ಎಲ್ಲರೂ ಹೊಡೀತಾರೆ. ಬಾಕ್ಸಿನೊಳಗೆ ಹತ್ತು ಜನ ತುಂಬಿಕೊಂಡಾಗಲೇ ಕಷ್ಟ. ಆಗ ಕ್ರಾಸ್ ಕೊಡೋನ ಕಣ್ಣು ಹುಡುಕೋದು ಒಬ್ಬರನ್ನೇ. ಈ ಸೀಸನ್‌ನಲ್ಲಿ ಚೆಟ್ರಿ 14 ಗೋಲು ಹೊಡೆದಿದ್ದಾರೆ. ನಮಗೆ ಹೆಮ್ಮೆ, ನಿಜ. ಕೋಚ್‌ಗೆ ಅದು ಎಚ್ಚರಿಕೆಯ ಗಂಟೆಯೂ ಹೌದು.

ಮುಂದಿನ ಸೀಸನ್‌ಗೆ ಆಟಗಾರರನ್ನು ಆರಿಸುವಾಗ ಜೆರಾರ್ಡ್ ಜರಗೋಜಾ ಇನ್ನೊಬ್ಬ ಪಾಸ್ ಕೊಡೋನನ್ನ ತರ್ತಾರಾ, ಬಾಕ್ಸಿನೊಳಗೆ ನುಗ್ಗೋ ಹುಡುಗನೊಬ್ಬನನ್ನ ಬೆಳೆಸ್ತಾರಾ? ಬರೋ ಆಗಸ್ಟ್ 3ಕ್ಕೆ ಚೆಟ್ರಿಗೆ 41 ತುಂಬುತ್ತೆ.